ಬಂದೈತಿ, ಬಂದ್ ಐತಿ

ನಿವೃತ್ತಿಯ ದಿನ ನನಗೆ ಒಂದು ಶಾಲು ಹೊದಿಸಿದರು, ಒಂದು ಹಾರ ಹಾಕಿದರು, ಒಂದು ಗೋಡೆ ಗಡಿಯಾರ ಕೊಟ್ಟರು. ಗಡಿಯಾರ ಯಾಕೆ ಕೊಟ್ಟರೋ ಆ ದೇವರೇ ಬಲ್ಲ. ಇಪ್ಪತ್ತೆಂಟು ವರ್ಷ ಬಸ್ ಸ್ಟ್ಯಾಂಡಿನ ಕಂಟ್ರೋಲ್ ರೂಮಿನಲ್ಲಿ ಕೂತು ಗಡಿಯಾರ ನೋಡಿದ್ದೇ ನನ್ನ ಕೆಲಸ. ಯಾವ ಗಾಡಿ ಬಂತು, ಯಾವುದು ಹೊರಡಬೇಕು, ಯಾವುದು ತಡ ಎಂದು ರಿಜಿಸ್ಟರಿನಲ್ಲಿ ಬರೆಯುವುದು, ಮೈಕಿನಲ್ಲಿ ಒದರುವುದು. ಇನ್ನು ಮೇಲೆ ಒಂದು ಸೈಕಲ್ಲನ್ನೂ ಬಿಡುವ ಅಧಿಕಾರ ಇಲ್ಲದವನಿಗೆ ಹೊತ್ತು ಎಷ್ಟಾದರೆ ಏನು? ಆದರೂ ಮನೆಗೆ ಬಂದವನೇ ಮೊದಲು ಅದನ್ನು ಪಡಸಾಲೆಯ ಗೋಡೆಗೆ ನೇತುಹಾಕಿದೆ. ನನ್ನ ತಲೆ ಕೆಡಿಸಿದ್ದು ಆ ಗಡಿಯಾರವೇ ಎಂದು ಈಗ ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತೇನೆ. ತಲೆ ಮೊದಲೇ ಕೆಟ್ಟಿತ್ತು.

ಚಿಕ್ಕೋಡಿ, ರಾಯಬಾಗ, ಕಾಗವಾಡ, ಕೊನೆಗೆ ಅಥಣಿ ಎಂದು ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ ತಿರುಗಿದ ನಾನು ಹಗಲು ಹೊತ್ತಿನಲ್ಲಿ ಅಥಣಿಯ ನಮ್ಮ ಮನೆ ಹೇಗಿರುತ್ತದೆ ಎಂದೇ ಕಂಡವನಲ್ಲ. ಈಗ ಕಂಡೆ. ಕಂಡದ್ದು ಒಂದೂ ಸರಿ ಕಾಣಲಿಲ್ಲ. ಹಾಲಿನವನು ದಿನಾ ಹನ್ನೊಂದು ನಿಮಿಷ ತಡ. ನಳದ ನೀರು ಹೇಳಿದ ಹೊತ್ತಿಗಿಂತ ಮೊದಲೇ ಬಂದು ಹೋಗಿರುತ್ತದೆ. ಕುಕ್ಕರು ಒಂದು ದಿನ ಮೂರು ಸೀಟಿ, ಇನ್ನೊಂದು ದಿನ ನಾಲ್ಕು. ಈ ಮನೆಗೆ ಹೇಳುವವರು ಕೇಳುವವರು ಯಾರೂ ಇಲ್ಲವೇ ಎಂದು ಸಿಟ್ಟು ನೆತ್ತಿಗೇರಿತು. ಹಳೆಯ ಡೈರಿಯೊಂದಕ್ಕೆ ಗೆರೆ ಎಳೆದು ಬರೆಯತೊಡಗಿದೆ.

ಒಂದು ದಿನ ಹೆಂಡತಿ ಅದನ್ನು ತೆರೆದು ನೋಡಿದಳು.

"ಇದೇನ್ರಿ, ‘ಬದನಿಕಾಯಿ ಪಲ್ಯ, ಒಂಬತ್ತ ನಿಮಿಷ ತಡಾ’ ಅಂತ ಬರದೀರಿ?"

"ಇದ್ದದ್ದ ಬರದೀನಿ."

"ಹಂಗಾರ ನಾಳಿಂದ ಪಲ್ಯ ನೀವ ಬಿಡ್ರಿ, ಕರೆಕ್ಟ್ ಟೈಮಿಗೆ."

ನಾನು ತೆಪ್ಪಗೆ ಡೈರಿ ಎತ್ತಿಕೊಂಡೆ. ಅದನ್ನು ಅಟ್ಟಕ್ಕೆ ಹಾಕಿದೆ ಎಂದು ಆಕೆ ತಿಳಿದಳು. ನಾನು ಅದನ್ನು ಹೊರಗಿನ ಕಟ್ಟೆಗೆ ಒಯ್ದಿದ್ದೆ.

ಇಲ್ಲಿ ಹೆಂಡತಿಯ ವಿಷಯ ಹೇಳಬೇಕು. ಪಡಸಾಲೆಯ ಕಿಟಕಿಯ ಹತ್ತಿರ ಹೊಲಿಗೆ ಮಷೀನು ಇಟ್ಟುಕೊಂಡು ಆಕೆ ಇಪ್ಪತ್ತಾರು ವರ್ಷದಿಂದ ಹೆಂಗಸರ ಜಂಪರ್, ಅಂದರೆ ರವಿಕೆ, ಹೊಲಿಯುತ್ತಾಳೆ. ನಾನು ಡ್ಯೂಟಿಗೆ ಹೋದ ಮೇಲೆ ಶುರುವಾಗಿ, ನಾನು ಬರುವಷ್ಟರಲ್ಲಿ ಚಿಂದಿ ಕೂಡ ಗುಡಿಸಿ ಮುಗಿದಿರುತ್ತಿದ್ದ ಕೆಲಸ. ಕಣ್ಣಿಗೆ ಬೀಳದ ಕೆಲಸ ನನ್ನ ಲೆಕ್ಕಕ್ಕೆ ಕೆಲಸವೇ ಅಲ್ಲ. "ನಮ್ಮಾಕಿ ಏನೋ ಟೈಂಪಾಸ್ ಹೊಲೀತಾಳ" ಎಂದು ಸ್ಟ್ಯಾಂಡಿನಲ್ಲಿ ನಾಲ್ಕು ಜನರ ಮುಂದೆ ಹೇಳಿದ್ದೂ ಉಂಟು. ಆ ಟೈಂಪಾಸಿಗಾಗಿ ತೆಲಸಂಗದಿಂದ, ಯಡೂರಿನಿಂದ, ಕಾಗವಾಡದಿಂದ ಹೆಂಗಸರು ಬಟ್ಟೆಯ ಚೀಲ ಹಿಡಿದು ನಾನೇ ಕೂಗಿ ಹೇಳಿದ ಬಸ್ಸುಗಳಲ್ಲಿ ಬಂದಿಳಿಯುತ್ತಿದ್ದರು ಎಂಬುದು ನನಗೆ ನಿವೃತ್ತನಾದ ಮೇಲೆ ಗೊತ್ತಾಯಿತು.

ಗೊತ್ತಾದ ಮೇಲೆ ಸುಮ್ಮನಿರಬೇಕಿತ್ತು. ನಾನು ಬಾಗಿಲ ಬಳಿ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು, ಡೈರಿ ತೊಡೆಯ ಮೇಲಿಟ್ಟುಕೊಂಡು ಡ್ಯೂಟಿಗೆ ಕೂತೆ.

"ಎಲ್ಲಿಂದ ಬಂದ್ರಿ?"

"ಯಡೂರಿಂದ್ರಿ."

"ಯಾವ ಗಾಡಿಗೆ? ಅದು ಇಷ್ಟೊತ್ತಿಗೆ ಬರೂದಿಲ್ಲಲ್ರಿ!"

ಜಂಪರಿನ ಅಳತೆ ಕೊಡಲು ಬಂದ ಹೆಂಗಸಿಗೆ ಬಸ್ಸಿನ ಹೊತ್ತು ತಪ್ಪಿದ್ದಕ್ಕೆ ಸಮಜಾಯಿಷಿ ಕೊಡುವ ಗತಿ ಬಂತು. ಮೂವರು ಒಟ್ಟಿಗೆ ಬಂದರೆ "ಗದ್ದಲ ಮಾಡಬ್ಯಾಡ್ರಿ, ಒಬ್ಬೊಬ್ಬರ ಒಳಗ ಹೋಗ್ರಿ" ಎನ್ನುತ್ತಿದ್ದೆ. ಒಳಗೆ ನಗು ಜೋರಾದರೆ ಕೆಮ್ಮುತ್ತಿದ್ದೆ. ನಗು ಪಟ್ಟನೆ ನಿಲ್ಲುತ್ತಿತ್ತು. ಅದನ್ನು ಶಿಸ್ತು ಎಂದುಕೊಂಡೆ, ಮಂಗ್ಯಾನ ಮಗ. ಒಮ್ಮೆ ಯಾರೋ ಒಳಗೆ ಪಿಸುಗುಟ್ಟಿದ್ದು ಕಿಟಕಿಯಿಂದ ಕೇಳಿಸಿತು: "ಅಕ್ಕಾರ, ಕಾಕಾರು ಎಲ್ಲೂ ಹೊರಗ ಹೋಗೂದ ಇಲ್ಲೇನ್ರಿ?" ಹೆಂಡತಿ ಏನು ಹೇಳಿದಳೋ ಕೇಳಿಸಲಿಲ್ಲ.

ಒಂದು ಮಧ್ಯಾಹ್ನ ನಾನೇ ಆಕೆಗೆ ಹೇಳಿದೆ. "ಸಾಕ ಮಾಡ ಇನ್ನ ಈ ಮಿಷನ್. ಮಗಳು ನಿಪ್ಪಾಣ್ಯಾಗ ಕೊಟ್ಟ ಮನ್ಯಾಗ ಸುಖದಿಂದ ಅದಾಳ. ನಾನೂ ಮನಿಗೆ ಬಂದೀನಿ. ಇಬ್ರೂ ಆರಾಮ ಇರೂಣು." ಆಕೆ ದಾರ ಹಲ್ಲಿನಲ್ಲಿ ಕಚ್ಚಿ ಹರಿದಳು. ಮಾತಾಡದಿದ್ದರೆ ಒಪ್ಪಿದ ಹಾಗೆ ಎಂದು ತಿಳಿದೆ. ಮೈಕಿನಲ್ಲಿ ಮಾತಾಡುವವನಿಗೆ ಎದುರಿನವರ ಉತ್ತರ ಕೇಳುವ ಅಭ್ಯಾಸ ಇರುವುದಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಮಷೀನಿನ ಮೋಟಾರು ಸುಟ್ಟಿತು. ಮದುವೆಗಳ ಹಂಗಾಮು, ಕೈ ತುಂಬ ಕೆಲಸ. ಆಕೆ ಕಂಗಾಲಾದಳು. ಆಗ ಮಾತ್ರ ನಾನು ಗಂಡಸಿನಂತೆ ಎದ್ದು, ಪರಿಚಯದ ಡ್ರೈವರನ ಕೈಯಲ್ಲಿ ಮಷೀನನ್ನು ನಿಪ್ಪಾಣಿಯ ರಿಪೇರಿಯವನಿಗೆ ಕಳಿಸಿಕೊಟ್ಟೆ. ಎಂಟು ದಿನಕ್ಕೆ ರಿಪೇರಿಯಾಗಿ ತಿರುಗಿ ಬಂತು. ಇದಿಷ್ಟು ನನ್ನ ನಿವೃತ್ತ ಜೀವನದಲ್ಲಿ ನಾನು ಸರಿಯಾಗಿ ಮಾಡಿದ ಒಂದೇ ಕೆಲಸ. ಅದನ್ನೂ ಹಾಳು ಮಾಡಿದ್ದು ಹೇಗೆ ಎಂದು ಹೇಳುತ್ತೇನೆ.

ಅದಕ್ಕೆ ಮೊದಲು ನನ್ನ ನೌಕರಿಯ ಆರಂಭದ ಒಂದು ಸಂಗತಿ ಬೇಕು. ಆಗ ನಾನಿನ್ನೂ ಹೊಸಬ. ಅಮಾವಾಸ್ಯೆಯ ದಿನ, ಯಡೂರಿನ ವೀರಭದ್ರನಿಗೆ ಹೋಗುವ ಜನ ಸ್ಟ್ಯಾಂಡಿನ ತುಂಬ. ಅರ್ಧಕ್ಕರ್ಧ ಮರಾಠಿ ಮಂದಿ. ನಾನು ಮೈಕಿನಲ್ಲಿ ಮನೆಯ ಮಾತಿನಲ್ಲೇ ಉತ್ಸಾಹದಿಂದ ಕೂಗಿದೆ: "ಯಡೂರ ಗಾಡಿ ಬಂದೈತಿ!" ಒಬ್ಬ ಮುದುಕ ಹೆಗಲ ಮೇಲಿನ ಚೀಲ ಸರಿಪಡಿಸಿಕೊಂಡು "ಗಾಡಿ ಬಂದ್ ಆಹೆ ಮ್ಹಣೆ, ಚಲಾ", ಗಾಡಿ ಇಲ್ಲವಂತೆ ನಡೀರಿ, ಎಂದು ಎದ್ದ. ಅವನ ಹಿಂದೆ ಅವನ ಊರಿನ ಮಂದಿ, ಅವರ ಹಿಂದೆ ನಮ್ಮ ಕನ್ನಡದವರೂ ಎದ್ದು ಜೀಪು ಹುಡುಕಿಕೊಂಡು ಹೊರಟರು. ‘ಬಂದೈತಿ’ ಎಂದರೆ ಬಂದಿದೆ. ನಡುವೆ ಉಸಿರು ಒಂದಿಷ್ಟು ತಡೆದರೆ ‘ಬಂದ್ ಐತಿ’, ಅಂದರೆ ನಿಂತುಹೋಗಿದೆ. ಹರಕು ಸ್ಪೀಕರಿಗೆ ಇದು ಹೇಗೆ ಗೊತ್ತಾಗಬೇಕು? ಗಾಡಿ ಖಾಲಿ ಹೋಯಿತು. ಹಿರಿಯ ಕಂಟ್ರೋಲರ್ ನನ್ನ ಕಿವಿಯ ಹತ್ತಿರ ಬಂದು, "ಮೈಕಿನ್ಯಾಗ ಐತಿ ಪೈತಿ ಹೇಳಬ್ಯಾಡಪಾ. ಆಗಮಿಸಿದೆ ಅನ್ನು. ಅದು ಯಾರ ಮನಿ ಮಾತೂ ಅಲ್ಲ, ಯಾರೂ ತಪ್ಪ ತಿಳಕೊಳ್ಳೂದಿಲ್ಲ" ಎಂದರು.

ಅಂದಿನಿಂದ ನಾನು ಆಗಮಿಸಿದೆ, ನಿರ್ಗಮಿಸಲಿದೆ ಎಂದೇ ಹೇಳಿದೆ. ಬಾಯಿಗೆ ಎಷ್ಟು ಹತ್ತಿಬಿಟ್ಟಿತೆಂದರೆ ಮಗಳು ಹುಟ್ಟಿದ ಸುದ್ದಿಯನ್ನು ನಮ್ಮ ತಾಯಿಗೆ ಫೋನಿನಲ್ಲಿ "ಹೆಣ್ಣುಮಗು ಆಗಮಿಸಿದೆ" ಎಂದೇ ಹೇಳಿದ್ದೆ. "ಯಾವ ಊರಿಂದ್ಲೇ?" ಎಂದು ಕೇಳಿದ್ದಳು ಆಕೆ. ಹೆಂಡತಿ ಇವತ್ತಿಗೂ ಅದನ್ನು ಹೇಳಿ ನಗುತ್ತಾಳೆ. ಹಾಗಾಗಿ ರಿಟೈರ್ ಆದ ಮರುದಿನವೇ ನಿಶ್ಚಯ ಮಾಡಿದ್ದೆ: ಸಾಕು ಈ ಆಗಮನ ನಿರ್ಗಮನ, ಇನ್ನು ಸಾಯುವವರೆಗೂ ನನ್ನ ಮನೆಯ ಮಾತು ಆಡುತ್ತೇನೆ. ನಿವೃತ್ತಿಯಿಂದ ನನಗೆ ಸಿಕ್ಕ ಒಂದೇ ಸ್ವಾತಂತ್ರ್ಯ ಅದು.

ಮಷೀನು ಬಂದ ದಿನ ಹೆಂಡತಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಳು. ಆಕೆಯ ಫೋನು ರಿಂಗಾಯಿತು. ನಾನು ಎತ್ತಿದೆ. ತೆಲಸಂಗದ ಒಬ್ಬ ಹೆಣ್ಣುಮಗಳು; ಮಗಳ ಮದುವೆ, ಏಳು ಜಂಪರ್ ಹೊಲಿಸುವುದಿತ್ತು.

"ಅಕ್ಕಾರ ಮಿಷನ್ ಏನಾತ್ರಿ?"

"ಮಿಷನ್ ಬಂದೈತ್ರಿ," ಎಂದೆ. ಎಷ್ಟು ಹಿತವಾಗಿತ್ತು ನಾಲಿಗೆಗೆ!

"ಅಯ್ಯ ಶಿವನ! ಹಂಗಾರ ಇನ್ನ ಮುಂದ ಹೆಂಗ್ರಿ?"

"ಇನ್ನ ಮುಂದ ಏನೂ ತ್ರಾಸಿಲ್ರಿ. ಆಕೀಗೂ ಆರಾಮ, ನಮಗೂ ಆರಾಮ."

"ಆತ್ ಬಿಡ್ರಿ," ಎಂದು ಆಕೆ ಫೋನಿಟ್ಟಳು. ಚುಟುಕಾಗಿ ಮಾತು ಮುಗಿಸಿದೆನೆಂದು ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ. ಹೆಂಡತಿ ಬಂದ ಮೇಲೆ "ತೆಲಸಂಗದಾಕಿ ಫೋನ್ ಮಾಡಿದ್ಲು, ಹೇಳೀನಿ" ಎಂದೆ. ಏನು ಹೇಳಿದೆ ಎಂದು ಆಕೆ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಾಲ್ಕು ದಿನ ಯಾರೂ ಬರಲಿಲ್ಲ. ಫೋನೂ ಇಲ್ಲ. ಹೆಂಡತಿ ಮಷೀನಿಗೆ ಎಣ್ಣೆ ಬಿಟ್ಟು, ಸೂಜಿ ಬದಲಿಸಿ, ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತಿದ್ದಳು. ನಾನು ಕಟ್ಟೆಯ ಮೇಲೆ, ಕೊನೆಗೂ ಹೆಂಗಸರಿಗೆ ಶಿಸ್ತು ಬಂತಲ್ಲ ಎಂದು ಬೀಗುತ್ತ ಕೂತಿದ್ದೆ. ಐದನೆಯ ದಿನ ಓಣಿಯ ಕೊನೆಯ ಮನೆಯಾಕೆ ಬಂದಳು. ಕಟ್ಟೆಯ ಮೇಲಿದ್ದ ನನ್ನನ್ನು ನೋಡಲೂ ಇಲ್ಲ.

"ಅಕ್ಕಾರ, ನಂದೊಂದು ಜಂಪರ್ ಅರ್ಧಾ ಆಗಿತ್ತಲ್ರಿ, ಹಂಗ ಕೊಟ್ಟಬಿಡ್ರಿ. ಬ್ಯಾರೆ ಕಡೆ ಹೊಲಿಸ್ತೀನಿ. ನೀವು ಬಂದ್ ಮಾಡೀರಂತಲ್ಲ."

"ಯಾರ್ ಹೇಳಿದ್ರ ನಿಮಗ?"

"ವಾಟ್ಸಾಪ್ ಗ್ರೂಪಿನ್ಯಾಗ ಬಂದೈತ್ರಿ. ನಿಮ್ಮ ಮನಿಯವರ ಹೇಳ್ಯಾರಂತ, ತೆಲಸಂಗದಾಕಿಗೆ. ಮಿಷನ್ ಬಂದ್ ಐತಿ, ಇನ್ನ ಆರಾಮ ಇರ್ತೀವಿ ಅಂತ."

ಹೆಂಡತಿ ಜಂಪರ್ ಮಡಚಿ ಕೊಟ್ಟು ಕಳಿಸಿದಳು. ನನ್ನ ಮೇಲೆ ಹಾರಿ ಬೀಳುತ್ತಾಳೆಂದು ಎದ್ದು ನಿಂತೆ. ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ಟ್ರಂಕಿನ ಬೀಗ ತೆಗೆದ ಸದ್ದಾಯಿತು. ನೋಡಿದರೆ, ನನ್ನ ನಿವೃತ್ತಿಯ ಶಾಲು ತಂದು ಮಷೀನಿನ ಮೇಲೆ ಹೊದಿಸುತ್ತಿದ್ದಾಳೆ. ನಾಲ್ಕೂ ಮೂಲೆ ಸರಿಯಾಗಿ ಎಳೆದಳು.

"ಏನ್ ಮಾಡಾಕತ್ತಿ?"

"ನಿಮಗ ಹೊಚ್ಚಿದ್ರಲ್ಲ, ಅದಕ್ಕೂ ಹೊಚ್ಚಾಕತ್ತೀನಿ. ಅದೂ ಇಪ್ಪತ್ತಾರ ವರ್ಷ ದುಡದೈತಿ."

"ಅಲ್ಲ ಬೇ, ನಾ ಹಂಗಂದಿಲ್ಲ. ಬಂದೈತಿ ಅಂದೆ!"

"ಹೌದ್ರಿ. ಬಂದ್ ಐತಿ ಅಂದ್ರಿ."

"ಬಂದ್ ಐತಿ ಅಲ್ಲ. ಬಂದೈತಿ! ಬಂದೈತಿ!"

"ಯಾಕ್ ಒದರ್ತೀರಿ? ಇದೇನ್ ಸ್ಟ್ಯಾಂಡಲ್ಲ. ಸಾಕ ಮಾಡ ಅಂತ ಮೊದಲ ನೀವ ಹೇಳಿದ್ರಿ. ನಾ ಮಾಡಲಿಲ್ಲ, ಅದಕ್ಕ ಊರ ಮಂದಿಗೆ ಹೇಳಿದ್ರಿ."

ಇದು ನಾಲಿಗೆ ತಪ್ಪಿದ್ದು ಎಂದು ಆಕೆಯನ್ನು ಹೇಗೆ ನಂಬಿಸಲಿ? ಸಾಕು ಮಾಡು ಎಂದದ್ದು ನಿಜ. ಕಟ್ಟೆಯ ಮೇಲೆ ಕೂತು ಹೆಂಗಸರನ್ನು ಓಡಿಸಿದ್ದೂ ನಿಜ. ಮಾತು ತಪ್ಪಿ ಬಿದ್ದರೂ ಅದು ನನ್ನ ಮನಸ್ಸಿನಲ್ಲಿದ್ದ ಜಾಗಕ್ಕೇ ಬಿದ್ದಿತ್ತು. ನಾಚಿಕೆಯಾಯಿತು ನನಗೆ, ಬಹಳ ನಾಚಿಕೆಯಾಯಿತು.

ಆಕೆ ಶಾಲಿನ ಮೇಲೆ ಕೈಯಿಟ್ಟುಕೊಂಡೇ ಹೇಳಿದಳು. "ನೌಕರಿ ಮುಗದ ಮರುದಿನಾ ನೀವು ಬಚ್ಚಲದಾಗ ನಳಾ ಬಿಟಗೊಂಡ ಅತ್ರಿ. ನನಗ ಕೇಳಸ್ತಿತ್ತು. ಅದಕ್ಕ ಇಷ್ಟು ದಿನಾ ನೀವು ಕಟ್ಟಿ ಮ್ಯಾಲ ಕುಂತ ಏನ್ ಮಾಡಿದ್ರೂ ಬಾಯಿ ಬಿಡಲಿಲ್ಲ. ಹೊಳ್ಳಿ ಸರಿ ಆಗ್ತಾರ ಬಿಡು ಅಂದ್ನಿ. ನನ್ನ ಕೆಲಸಾ ಬಂದಾದ್ರ ನಾ ಎಲ್ಲಿ ಹೋಗಿ ಅಳಲಿ ಹೇಳ್ರಿ? ಬಚ್ಚಲಾ ನೀವು ಹಿಡದೀರಿ."

ನಗು ಬರುವ ಮಾತು. ಇಬ್ಬರೂ ನಗಲಿಲ್ಲ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿಯ ಅಂಗಿ ಹಾಕಿಕೊಂಡು ತೆಲಸಂಗಕ್ಕೆ ಹೊರಟೆ. ಫೋನಿನ ಮೇಲೆ ನನಗೆ ನಂಬಿಕೆ ಹೋಗಿತ್ತು. ಮುಖ ಕೊಟ್ಟೇ ಹೇಳಬೇಕು. ಸ್ಟ್ಯಾಂಡಿನಲ್ಲಿ ಗಾಡಿ ಬೇರೆ ಫಲಕದ ಮುಂದೆ ನಿಂತಿತ್ತು. ಒಂದು ಮಾತು ಹೇಳಿಬಿಡೋಣವೆಂದು ಕಾಲು ಕಂಟ್ರೋಲ್ ರೂಮಿನ ಕಡೆ ಎಳೆಯಿತು. ಹೇಳಿದ್ದೆಲ್ಲ ನೆನಪಾಗಿ ಬಾಯಿ ಮುಚ್ಚಿಕೊಂಡು ಹತ್ತಿದೆ. ಗಾಡಿಯ ತುಂಬ ಹೆಂಗಸರು. ಹಿಂದಿನ ಸೀಟಿನಲ್ಲಿ ಇಬ್ಬರು ಅಥಣಿಯಲ್ಲಿ ಇನ್ನು ಯಾರ ಹತ್ತಿರ ಹೊಲಿಸುವುದು ಎಂದು ಮಾತಾಡುತ್ತಿದ್ದರು. "ಆಕಿ ಗಂಡ ರಿಟಾಯರ್ ಆಗಿ ಮನಿಗೆ ಬಂದಾನಂತ, ಹೊಲಿಗಿ ಬಿಡಿಸ್ಯಾನಂತ. ಒಂದ ನಮೂನಿ ಮನಶ್ಯಾ ಅದಾನಂತ." ನಾನು ಕಿಟಕಿಯ ಹೊರಗೆ ಕಬ್ಬು ಮುಗಿದು ಬಿಳಿ ಜೋಳದ ಒಣ ಹೊಲಗಳು ಶುರುವಾಗುವುದನ್ನೇ ನೋಡುತ್ತ ಕೂತೆ. ಆ ನಮೂನಿ ಮನುಷ್ಯ ನಾನೇ ಎಂದು ತಿರುಗಿ ಹೇಳುವ ಧೈರ್ಯ ಬರಲಿಲ್ಲ.

ಮದುವೆ ಮನೆಯಲ್ಲಿ ಶಾವಿಗೆ ಒಣಗಿಸುತ್ತಿದ್ದರು. ಆ ಹೆಣ್ಣುಮಗಳಿಗೆ ನನ್ನ ಗುರುತಾಗಲಿಲ್ಲ. ನೀರಿನ ತಂಬಿಗೆ ಕೊಟ್ಟು, "ಯಾರ್ರಿ ನೀವು?" ಎಂದಳು. ದಾರಿಯುದ್ದಕ್ಕೂ ಏನೇನೋ ಜೋಡಿಸಿಕೊಂಡಿದ್ದೆ, ಎಲ್ಲ ಮರೆತುಹೋಯಿತು. ಕೈಕಟ್ಟಿ ನಿಂತು ಹೇಳಿಯೇಬಿಟ್ಟೆ:

"ಅಥಣಿಯ ಹೊಲಿಗೆ ಮಷೀನು ದುರಸ್ತಿಯಾಗಿ ಆಗಮಿಸಿದೆ. ಎಂದಿನಂತೆ ಕಾರ್ಯ ನಿರ್ವಹಿಸುತ್ತದೆ. ಪ್ರಯಾಣಿಕರು ದಯವಿಟ್ಟು ಗಮನಿಸಬೇಕು."

ಆಕೆ ಬಾಯಿಗೆ ಸೆರಗು ಹಚ್ಚಿದಳು. "ಅಯ್ಯ ನನ್ನವ್ವ! ಸ್ಟ್ಯಾಂಡಿನ್ಯಾಗ ಒದರವರು ನೀವ ಏನ್ರಿ? ಅಕ್ಕಾರ ಮನಿಯವರು ನೀವ?" ಇಷ್ಟು ವರ್ಷ ಆಕೆ ನನ್ನ ಮನೆಗೇ ಬಂದು, ನನ್ನ ದನಿ ಕೇಳಿ ಬಸ್ಸು ಹತ್ತಿ ಹೋಗಿದ್ದಾಳೆ, ಮುಖ ಕಂಡಿಲ್ಲ. ನಾನು ಬಂದೈತಿಯ ಕಥೆ ಹೇಳಿದೆ. ಶಾವಿಗೆಯ ಹತ್ತಿರ ಕೂತಿದ್ದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನಗಲಿ. ನಾನು ಕೆಮ್ಮಲಿಲ್ಲ.

ನಗು ನಿಂತ ಮೇಲೆ ಆಕೆ ಹೇಳಿದಳು, "ನನ್ನ ಮದವಿ ಜಂಪರ್ ಅಕ್ಕಾರ ಹೊಲದಾರ್ರಿ. ಅವರ ಮೊದಲನೇ ಗಿರಾಕಿ ನಾನ. ಈಗ ನನ್ನ ಮಗಳದ್ದೂ ಅವರ ಹೊಲೀಬೇಕು ಅಂತ ಆಸೆ ಇತ್ತು. ಬಂದ್ ಐತಿ ಅಂದಾಗ ಜೀವಾ ಚುರ್ ಅಂತು. ನಾಳಿಗೆ ಮಿರಜಿಗೆ ಕೊಡಾಕ ಎಲ್ಲಾ ಕಟ್ಟಿ ಇಟ್ಟಿದ್ನಿ." ಒಳಗಿನಿಂದ ಚೀಲ ತಂದಳು. ಕೊಡುವ ಮುನ್ನ ಕೈ ಹಿಂದೆ ಎಳೆದಳು. "ಒಂದ ಮಾತ್ರಿ, ಸಿಟ್ಟಾಗಬ್ಯಾಡ್ರಿ. ಮಗಳು ಅಳತಿ ಕೊಡಾಕ ಬರ್ತಾಳ. ನೀವು ಕಟ್ಟಿ ಮ್ಯಾಲ ಇರಬಾರದು."

"ಇರೂದಿಲ್ರಿ," ಎಂದೆ.

ತಿರುಗಿ ಬರುವಾಗ ಕಂಡಕ್ಟರ್ ಚೀಲ ಮೇಲಿಡಿ ಎಂದ. ಇಡಲಿಲ್ಲ, ತೊಡೆಯ ಮೇಲಿಟ್ಟುಕೊಂಡೇ ಬಂದೆ.

ಮಧ್ಯಾಹ್ನದ ಬಿಸಿಲು ಸುಡುತ್ತಿತ್ತು. ಹೆಂಡತಿ ಪಡಸಾಲೆಯಲ್ಲಿ ಮೊರ ಹಿಡಿದು ಅಕ್ಕಿಯ ಹರಳು ಆರಿಸುತ್ತಿದ್ದಳು. ನಮ್ಮ ಅಕ್ಕಿಯಲ್ಲಿ ಹರಳು ಇರುವುದಿಲ್ಲ. ಚೀಲ ಆಕೆಯ ಮುಂದಿಟ್ಟು, "ತೆಲಸಂಗದಿಂದ ಏಳು ಜಂಪರ್ ಬಟ್ಟೆ ಆಗಮಿಸಿವೆ" ಎಂದೆ. ಆಕೆ ನಗಲಿಲ್ಲ. ಒಂದೊಂದೇ ಬಟ್ಟೆ ತೆಗೆದು ಬೆರಳಿನಲ್ಲಿ ಉಜ್ಜಿ ನೋಡಿದಳು. ಎಲ್ಲದರ ಕೆಳಗೆ ಒಂದು ಹಳೆಯ ಜಂಪರ್ ಇತ್ತು, ಬಣ್ಣ ಹೋದ ಹಸಿರು. ತೋಳಿನ ಮಾದರಿಗೆಂದು ಕಳಿಸಿದ್ದಿರಬೇಕು. ಆಕೆ ಅದನ್ನು ಒಳಮಗ್ಗುಲು ಮಾಡಿ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಬೆರಳು ಒಂದು ಕಡೆ ನಿಂತಿತು.

"ಇದ ನನ್ನ ಮೊದಲನೇದು. ನೋಡ್ರಿ, ಇಲ್ಲಿ ಹೊಲಿಗಿ ವಾರಿ ಆಗೈತಿ, ಸೊಟ್ಟ ಹೋಗೈತಿ. ಗಾಬರಿ ಆಗಿದ್ನಿ ಅವತ್ತು." ಕಣ್ಣು ಒರೆಸಿಕೊಂಡಳು. "ಆಕಿ ಮನಿಗೆ ನೀವ ಹೋಗಿದ್ರೇನು?"

"ಹೋಗಿದ್ನಿ."

"ಏನಂದ್ರಿ?"

"ತಪ್ಪಾತ್ರಿ ಅಂದ್ನಿ." ಅಲ್ಲಿ ಹಾಗೆ ಅಂದಿರಲಿಲ್ಲ. ಇಲ್ಲಿ ಈಕೆಯ ಮುಂದೆ ಅಂದೆ.

ಹೆಂಡತಿ ಎದ್ದು ಮಷೀನಿನ ಹತ್ತಿರ ಹೋದಳು. ಶಾಲನ್ನು ಒಂದೇ ಏಟಿಗೆ ಎಳೆದು ತೆಗೆದು ನನ್ನ ಮೇಲೆ ಎಸೆದಳು.

"ಹಿಡೀರಿ. ಇದ ನಿಮ್ಮದು. ರಿಟಾಯರ್ ನೀವ ಆಗೀರಿ. ನಾ ಆಗಿಲ್ಲ."

ನಾನು ಆ ಬಿಸಿಲಿನಲ್ಲಿ ಶಾಲು ಹೊದ್ದುಕೊಂಡು, ಕಟ್ಟೆಯ ಮೇಲಿನ ಕುರ್ಚಿ ಎತ್ತಿಕೊಂಡು ಹಿತ್ತಲಿಗೆ ಹೋದೆ.